ಕಂಬದ ನೆರಳು ಬಿದ್ದ ಕಡೆ

ಲಾಗುಸ್ ಬಂದರಿನಲ್ಲಿ ಬ್ರಾಸ್ ಕೊಲಾಸುವಿಗೆ ಎರಡು ಹೆಸರುಗಳಿದ್ದವು. ಒಂದು ಪಾದ್ರಿಗಳ ಪುಸ್ತಕದಲ್ಲಿದ್ದದ್ದು. ಇನ್ನೊಂದನ್ನು ಊರು ಕೊಟ್ಟಿತ್ತು: ಇಪ್ಪತ್ತನಾಲ್ಕರ ಬ್ರಾಸ್. ಬಲೆ ಒಣಹಾಕುವ ಗಂಡಸರು, ಬೂತಾಯಿ ಮೀನಿಗೆ ಉಪ್ಪು ಸವರುವ ಹೆಂಗಸರು, ಅಂಜೂರ ಮಾರುವ ಕಿವುಡಿ ಮುದುಕಿ ಕೂಡ ಅವನನ್ನು ಹಾಗೆಯೇ ಕರೆಯುತ್ತಿದ್ದರು.

"ಏನು ಇಪ್ಪತ್ತನಾಲ್ಕು, ಇಷ್ಟು ಬೇಗ ಹೊರಟುಬಿಟ್ಟೆ? ಹೆಂಡತಿ ಓಡಿಸಿದಳಾ?"

ಬ್ರಾಸ್ ನಕ್ಕಂತೆ ಮಾಡಿ, ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದ. ಅಷ್ಟು ದೊಡ್ಡ ನಾವಿಕನಿಗೆ ಎಷ್ಟು ವಿನಯ ನೋಡು ಎಂದು ಜನ ಹಿಂದಿನಿಂದ ಮೆಚ್ಚುತ್ತಿದ್ದರು. ಅದು ವಿನಯವಲ್ಲ ಎಂಬುದು ಗೊತ್ತಿದ್ದವನು ಅವನೊಬ್ಬನೇ.

ಇದು ಐನೂರು ವರ್ಷಕ್ಕೂ ಹಿಂದಿನ ಮಾತು. ಆಗ ಪೋರ್ಚುಗಲ್ಲಿನ ಹಡಗುಗಳು ಆಫ್ರಿಕಾದ ಕರಾವಳಿ ಹಿಡಿದು ವರ್ಷ ವರ್ಷವೂ ಇನ್ನಷ್ಟು ದಕ್ಷಿಣಕ್ಕೆ ಹೋಗುತ್ತಿದ್ದವು. ಯಾರು ಎಷ್ಟು ದೂರ ಮುಟ್ಟಿದರು ಎಂಬುದನ್ನು ಭೂಮಧ್ಯರೇಖೆಯಿಂದ ಡಿಗ್ರಿಯಲ್ಲಿ ಲೆಕ್ಕ ಹಾಕಿ, ಮುಟ್ಟಿದ ಜಾಗದಲ್ಲಿ ಒಂದು ಕಲ್ಲುಕಂಬ ನಿಲ್ಲಿಸಿ, ಅದರ ಮೇಲೆ ಆ ಅಂಕೆಯನ್ನು ಕೆತ್ತುವುದು ಪದ್ಧತಿ. ಕಪ್ತಾನ ಐರಿಸ್ ಬರ್ಬುದು ನಿಲ್ಲಿಸಿದ ಕಂಬದ ಮೇಲೆ ಇಪ್ಪತ್ತನಾಲ್ಕು ಎಂದಿತ್ತು. ಅಲ್ಲಿಯವರೆಗೆ ಹದಿಮೂರನ್ನು ದಾಟಿದವರಿರಲಿಲ್ಲ. ಆ ಅಂಕೆಯನ್ನು ಹೇಳಿದವನು ಬ್ರಾಸ್.

ಬ್ರಾಸ್ ಹುಟ್ಟಿದ್ದು ಬೂತಾಯಿ ಹಿಡಿಯುವವರ ಮನೆಯಲ್ಲಿ. ಹದಿನಾರಕ್ಕೆ ಹಡಗು ಹತ್ತಿದ. ಇಪ್ಪತ್ತು ವರ್ಷ ಅವನ ಕೆಲಸ ಆಳ ನೋಡುವುದು. ಹಗ್ಗದ ತುದಿಗೆ ಸೀಸದ ಗುಂಡು, ಗುಂಡಿನ ತಳದ ಕುಳಿಗೆ ಮೆತ್ತಿದ ಕೊಬ್ಬು. ಇಳಿಬಿಟ್ಟು ಎಳೆದರೆ ಕೊಬ್ಬಿಗೆ ಸಮುದ್ರದ ತಳದ ಮರಳು ಅಂಟಿಕೊಂಡು ಬರುತ್ತದೆ. ಬ್ರಾಸ್ ಅದನ್ನು ಬೆರಳಲ್ಲಿ ಉಜ್ಜಿ, ನಾಲಿಗೆಗೆ ಹಚ್ಚಿ, ದಡ ಎಷ್ಟು ದೂರ, ಹತ್ತಿರ ನದಿ ಇದೆಯೋ ಇಲ್ಲವೋ ಹೇಳುತ್ತಿದ್ದ. ಮಂಜಿನಲ್ಲಿ ಎರಡು ಸಲ ಹಡಗು ಉಳಿಸಿದ್ದ.

ಸೂರ್ಯನನ್ನು ಅಳೆದು ದಾರಿ ಹೇಳುವ ನಾವಿಕನ ಕೆಲಸ ಕಲಿತದ್ದು ಮೂವತ್ತಾರರ ನಂತರ, ಉಪಕರಣ ಮಾಡುವ ಯೆಹೂದಿ ಮುದುಕ ಇಸಾಕನ ಬಳಿ. ವಿಷಯ ಅಷ್ಟೇನೂ ಕಷ್ಟದ್ದಲ್ಲ. ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ಎಷ್ಟು ಡಿಗ್ರಿ ಸರಿದಿದ್ದಾನೆ ಎಂದು ಮರದ ಚಕ್ರದಲ್ಲಿ ನೋಡಬೇಕು. ಆ ದಿನ ಸೂರ್ಯ ಭೂಮಧ್ಯರೇಖೆಯಿಂದ ಎಷ್ಟು ದೂರ ಇರುತ್ತಾನೆ ಎಂಬುದು ಪಟ್ಟಿಯಲ್ಲಿದೆ. ಎರಡನ್ನೂ ಕೂಡಿಸಿದರೆ, ಇಲ್ಲವೇ ಒಂದರಲ್ಲಿ ಇನ್ನೊಂದನ್ನು ಕಳೆದರೆ, ನಾವಿರುವ ಜಾಗ ಸಿಗುತ್ತದೆ. ಕೂಡಿಸಬೇಕೋ ಕಳೆಯಬೇಕೋ ಎಂಬುದನ್ನು ತೀರ್ಮಾನಿಸುವುದು ನೆರಳು ಬೀಳುವ ದಿಕ್ಕು.

"ಮೊದಲು ನೆರಳು ನೋಡು, ಆಮೇಲೆ ಅಂಕೆ ಮುಟ್ಟು," ಎನ್ನುತ್ತಿದ್ದ ಇಸಾಕ್. "ನೆರಳು ನೋಡದೆ ಲೆಕ್ಕ ಮಾಡಿದೆಯೋ, ನಿನ್ನ ಹಡಗು ಕಾಗದದ ಮೇಲೆ ಮಾತ್ರ ತೇಲುತ್ತೆ."

ಬರ್ಬುದು ಕಪ್ತಾನನ ಜೊತೆ ಹೋದಾಗ ಬ್ರಾಸನಿಗೆ ಐವತ್ತೇಳು. ಭೂಮಧ್ಯರೇಖೆ ದಾಟಿದ ಮೇಲೆ ವಾರಗಟ್ಟಲೆ ಸೂರ್ಯ ಉತ್ತರದಲ್ಲಿದ್ದ, ನೆರಳು ದಕ್ಷಿಣಕ್ಕೆ ಬೀಳುತ್ತಿತ್ತು. ಹದಿಮೂರನೆಯ ಡಿಗ್ರಿಯ ಹತ್ತಿರ ಹಡಗಿನ ಚುಕ್ಕಾಣಿ ಮುರಿದು, ಒಂದು ಕೊಲ್ಲಿಯಲ್ಲಿ ಮೂರು ತಿಂಗಳು ನಿಲ್ಲಬೇಕಾಯಿತು. ಮೋಡ ಕವಿದ ಮೂರು ತಿಂಗಳು. ಬ್ರಾಸನಿಗೆ ಜ್ವರ. ಕಪ್ತಾನ ತನ್ನ ಪಾಲಿನ ನೀರನ್ನು ಅವನ ಬಾಯಿಗೆ ಬಿಟ್ಟು ಬದುಕಿಸಿದ. ಅಷ್ಟರಲ್ಲಿ ಮೋಡದ ಮರೆಯಲ್ಲಿ ಸೂರ್ಯ ಅವರ ನೆತ್ತಿಯನ್ನು ದಾಟಿ ದಕ್ಷಿಣಕ್ಕೆ ಹೋಗಿದ್ದ.

ಅಲ್ಲಿಂದ ಹೊರಟು ಆರು ದಿನಕ್ಕೆ ಸಿಹಿನೀರಿನ ನದಿಯಿದ್ದ ಒಂದು ಕೊಲ್ಲಿ ಸಿಕ್ಕಿತು. ಅಂದು ಜನವರಿ ಹನ್ನೆರಡು. ದಡದಲ್ಲಿ ಮೂರು ಕೋಲು ನೆಟ್ಟು ಮರದ ಚಕ್ರ ತೂಗುಹಾಕಿದರು. ಬಿಳಿ ಮಂಜಿನ ಪರದೆಯ ಹಿಂದೆ ಸೂರ್ಯ ಬಿಲ್ಲೆಯ ಹಾಗೆ ಕಾಣುತ್ತಿದ್ದ, ಆದರೆ ನೆಲದ ಮೇಲೆ ನೆರಳೇ ಇರಲಿಲ್ಲ. ನೆತ್ತಿಯಿಂದ ನಾಲ್ಕು ಡಿಗ್ರಿ. ಪಟ್ಟಿಯಲ್ಲಿ ಆ ದಿನಕ್ಕೆ ಇಪ್ಪತ್ತು.

"ನೆರಳು ಯಾವ ಕಡೆ?" ಕಪ್ತಾನ ಕೇಳಿದ.

"ದಕ್ಷಿಣಕ್ಕೆ," ಎಂದ ಬ್ರಾಸ್. ವಾರಗಟ್ಟಲೆ ಹೇಳಿ ರೂಢಿಯಾದ ಮಾತು ತಾನೇ ನಾಲಿಗೆಗೆ ಬಂದಿತ್ತು.

ದಕ್ಷಿಣಕ್ಕಾದರೆ ಕೂಡಿಸಬೇಕು. ಇಪ್ಪತ್ತನಾಲ್ಕು.

ಕಪ್ತಾನ ಮರಳಿನ ಮೇಲೆ ಕುಣಿದ. ತನ್ನ ಟೋಪಿ ತೆಗೆದು ಬ್ರಾಸನ ತಲೆಗೆ ಇಟ್ಟ. ಆರು ದಿನದಲ್ಲಿ ಹನ್ನೊಂದು ಡಿಗ್ರಿ ಹೇಗೆ ಎಂದು ಯಾರೋ ಗೊಣಗಿದರು. "ನೀರು ತಳ್ಳಿಕೊಂಡು ಬಂದಿರಬೇಕು," ಎಂದ ಕಪ್ತಾನ. ಆ ಕರಾವಳಿಯಲ್ಲಿ ನೀರು ಎದುರಿಗೆ ಹರಿಯುತ್ತದೆ ಎಂದು ಬ್ರಾಸನಿಗೆ ಗೊತ್ತಿತ್ತು. ಆಗಲೂ ಅವನಿಗೆ ಹೊಳೆಯಲಿಲ್ಲ.

ಇಷ್ಟು ತಪ್ಪು. ತಪ್ಪು ಯಾರಿಗಾದರೂ ಆಗುತ್ತದೆ. ಮರುದಿನ ನಡೆದದ್ದಕ್ಕೆ ಬೇರೆ ಹೆಸರು ಬೇಕು.

ಮರುದಿನ ಮಂಜಿರಲಿಲ್ಲ. ಕಲ್ಲುಕುಟಿಗ ರಾತ್ರಿಯೇ ಅಂಕೆ ಕೆತ್ತಿ ಮುಗಿಸಿದ್ದ. ಮಧ್ಯಾಹ್ನ ಕಂಬ ಎತ್ತಿ ನಿಲ್ಲಿಸಿ ಎಲ್ಲರೂ ಮಂಡಿಯೂರಿದರು. ಕಣ್ಣು ಮುಚ್ಚದೆ ಇದ್ದವನು ಬ್ರಾಸ್ ಮಾತ್ರ. ಕಂಬದ ಬುಡದಲ್ಲಿ ಗೇಣಿಗಿಂತ ಚಿಕ್ಕದಾದ ನೆರಳು ಉತ್ತರಕ್ಕೆ ಬಿದ್ದಿತ್ತು. ಉತ್ತರಕ್ಕಾದರೆ ಕಳೆಯಬೇಕು. ಹದಿನಾರು. ಎಂಟು ಡಿಗ್ರಿ ಹೆಚ್ಚು ಹೇಳಿದ್ದ; ಡಿಗ್ರಿಗೆ ಹದಿನೇಳೂವರೆ ಹರದಾರಿಯಂತೆ ನೂರಾ ನಲವತ್ತು ಹರದಾರಿ. ಪ್ರಾರ್ಥನೆ ಮುಗಿಯಲಿ, ಹೇಳುತ್ತೇನೆ ಎಂದುಕೊಂಡ. ಮುಗಿಯಿತು. ಕಪ್ತಾನ ಅಳುತ್ತಾ ಬಂದು ಅವನನ್ನು ತಬ್ಬಿಕೊಂಡ. ಊಟವಾಗಲಿ ಎಂದುಕೊಂಡ. ಆಮೇಲೆ ಹಡಗು ಹೊರಡಲಿ ಎಂದುಕೊಂಡ.

ಹಡಗು ಹೊರಟಾಗ ಅದರಲ್ಲಿ ಆ ಕೊಲ್ಲಿಯ ಮುತಿಂದಿ ಎಂಬ ತರುಣನಿದ್ದ. ಸೋರೆಬುರುಡೆಯಲ್ಲಿ ಹಾಲು ಮಾರಲು ಬಂದವನನ್ನು ಕಪ್ತಾನ ಹಿಡಿದಿಟ್ಟುಕೊಂಡಿದ್ದ. ಭಾಷೆ ಕಲಿಸಿ ಕರೆತರುತ್ತೇವೆ, ಹದಿನೈದು ಹುಣ್ಣಿಮೆ ಎಂದು ದಡದಲ್ಲಿ ಕೂಗುತ್ತಿದ್ದವರಿಗೆ ಬೆರಳಲ್ಲಿ ತೋರಿಸಿದ. ನಾಲ್ಕು ವರ್ಷವಾಯಿತು. ಮುತಿಂದಿಗೆ ಲಾಗುಸಿನಲ್ಲಿ ಜ್ಞಾನಸ್ನಾನವಾಗಿ ಬಾಸ್ತಿಯಾಂವ್ ಎಂದು ಹೆಸರಾಯಿತು. ಕಪ್ತಾನನ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಾ, ಊರಿನವರಂತೆಯೇ ಬೈಯುವುದನ್ನೂ ಕಲಿತ.

ಆ ವಸಂತದಲ್ಲಿ ಹೊಸ ಹಡಗೊಂದು ಸಿದ್ಧವಾಯಿತು. ಅದರ ನಾವಿಕ ಜಿಲ್ ಫ್ರಗೋಸು, ಬ್ರಾಸನ ಬಳಿ ಪಟ್ಟಿ ಓದಲು ಕಲಿತವನು. ಬಾಸ್ತಿಯಾಂವ್‌ನನ್ನು ಅವನ ಕೊಲ್ಲಿಯಲ್ಲಿ ಇಳಿಸಿ ಮುಂದೆ ಹೋಗಬೇಕೆಂದು ಆಜ್ಞೆಯಾಗಿತ್ತು.

"ದಡದ ಗೊಡವೆಯೇ ಬೇಡ ಗುರುಗಳೇ," ಎಂದು ಜಿಲ್ ಬ್ರಾಸನ ಮನೆಗೇ ಬಂದು ಉತ್ಸಾಹದಿಂದ ವಿವರಿಸಿದ. "ಸಮುದ್ರದ ನಡುವೆಯೇ ದಕ್ಷಿಣಕ್ಕೆ ಹೋಗ್ತೀವಿ. ಇಪ್ಪತ್ತನಾಲ್ಕು ಬಂದ ತಕ್ಷಣ ದಡಕ್ಕೆ ತಿರುಗೋದು, ಅವನನ್ನ ಇಳಿಸೋದು, ಹೊರಡೋದು."

"ಕಂಬ ಕಾಣದಿದ್ರೆ?"

"ಕಾಣದಿದ್ರೆ ಏನು? ಅಕ್ಕಪಕ್ಕದಲ್ಲೇ ಎಲ್ಲೋ ಇರುತ್ತೆ, ಅವನು ನಡ್ಕೊಂಡು ಹೋಗ್ತಾನೆ. ನಿಮ್ಮ ಅಂಕೆ ಇದೆಯಲ್ಲ!"

ಬ್ರಾಸನ ಹೆಂಡತಿ ಬ್ರಿಯೊಲಾಂಜ ರೊಟ್ಟಿ, ಹುರಿದ ಬೂತಾಯಿ ತಂದಿಟ್ಟಳು. "ಇವರ ಅಂಕೆ ನಂಬಿ ಸ್ವರ್ಗಕ್ಕೂ ಹೋಗ್ಬಹುದು," ಎಂದಳು. "ಸಂತೆಗೆ ಹೋಗಿ ಮೊಟ್ಟೆ ತನ್ನಿ ಅಂದ್ರೆ ಮಾತ್ರ ಎಣಿಕೆ ತಪ್ಪುತ್ತೆ."

ಜಿಲ್ ಹೊಟ್ಟೆ ತುಂಬ ನಕ್ಕ. ಬ್ರಾಸ್ ಮೀನಿನ ಮುಳ್ಳುಗಳನ್ನು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ. ಅಂದು ಹೇಳಲಿಲ್ಲ.

ಹನ್ನೆರಡು ದಿನ ಕಳೆದವು. ಹದಿಮೂರನೆಯ ದಿನ ಬೆಳಿಗ್ಗೆ ಕಪ್ತಾನನ ಮನೆಯಿಂದ ಕರೆ ಬಂತು. ಕಪ್ತಾನ ತನ್ನ ಜೀವನ ಮತ್ತು ಸಾಧನೆಗಳನ್ನು ಬರೆಸುತ್ತಿದ್ದ, ಪತ್ರ ಬರೆಯುವ ವಿಸೆಂತಿ ಅದನ್ನು ಮುಗಿಸಿದ್ದ. ಬೈಬಲ್ಲಿನ ಮೇಲೆ ಕೈಯಿಟ್ಟು, ಅಂಕೆ ನಿಜ ಎಂದು ನಾವಿಕ ಪ್ರಮಾಣ ಮಾಡಬೇಕಿತ್ತು.

ಅಂಗಳದಲ್ಲಿ ಬಾಸ್ತಿಯಾಂವ್ ಹೇಸರಗತ್ತೆಯ ಬೆನ್ನು ಉಜ್ಜುತ್ತಿದ್ದ. ತಲೆಯ ಮೇಲೆ ಹೊಸ ಕೆಂಪು ಟೋಪಿ.

"ಬ್ರಾಸ್ ಮಾವ, ಹೇಗಿದೆ? ಊರಿಗೆ ಹೋದ್ರೆ ಅಣ್ಣನ ಮಕ್ಕಳು ನನ್ನನ್ನ ಹುಂಜ ಅಂತ ತಿಳ್ಕೊಂಡು ಅಟ್ಟಿಸಿಕೊಂಡು ಬರ್ತಾರೆ."

"ಚೆನ್ನಾಗಿದೆ," ಎಂದ ಬ್ರಾಸ್. ಆಮೇಲೆ ಕೇಳಿದ: "ನಿಮ್ಮೂರಿಂದ ಇನ್ನೂ ದಕ್ಷಿಣಕ್ಕೆ ಹೋದ್ರೆ ಏನಿದೆ?"

"ಒಂದು ದೊಡ್ಡ ನದಿ. ಅದನ್ನ ದಾಟಿದ್ರೆ ಮರಳು."

"ಆಮೇಲೆ?"

"ಮರಳು. ಅದಾದ ಮೇಲೆ ಇನ್ನೂ ಮರಳು. ತಿಮಿಂಗಿಲದ ಮೂಳೆ ಬಿಟ್ರೆ ಏನಿಲ್ಲ. ಆ ಕಡೆ ಹೋದ ನರಿಗೂ ಯಾರಾದ್ರೂ ಸೋರೆಬುರುಡೆಯಲ್ಲಿ ನೀರು ಕಟ್ಟಿಕೊಡಬೇಕು." ತನ್ನ ಮಾತಿಗೆ ತಾನೇ ನಕ್ಕು ಹೇಸರಗತ್ತೆಯ ಕಿವಿ ಹಿಂಡಿದ. "ಯಾಕೆ ಮಾವ?"

ಬ್ರಾಸ್ ಒಳಗೆ ಹೋದ.

ಒಳಗೆ ಕಪ್ತಾನ ಐರಿಸ್ ಬರ್ಬುದು ಎತ್ತರದ ಕುರ್ಚಿಯಲ್ಲಿ ಕೂತಿದ್ದ. ಎಪ್ಪತ್ತರ ಮುದುಕ, ಎಡಗೈಯಲ್ಲಿ ಮೂರೇ ಬೆರಳು. ಹಿಂದಿನ ಗೋಡೆಯ ಮೇಲೆ ದೊರೆ ಕೊಟ್ಟ ಲಾಂಛನ: ನೀಲಿ ನೆಲದ ಮೇಲೆ ಬಿಳಿ ಕಂಬ. ಜಿಲ್ ಕಿಟಕಿಯ ಬಳಿ ನಿಂತು ತನ್ನ ಪುಸ್ತಕಕ್ಕೆ ಅಂಕೆಗಳನ್ನು ನಕಲು ಮಾಡಿಕೊಳ್ಳುತ್ತಿದ್ದ.

ವಿಸೆಂತಿ ಓದತೊಡಗಿದ. ಇಪ್ಪತ್ತನೆಯ ವಯಸ್ಸಿನಲ್ಲಿ ಮೊರಾಕೋದ ಕೋಟೆಯ ಕಾಳಗದಲ್ಲಿ ಎರಡು ಬೆರಳು ಕಳೆದುಕೊಂಡದ್ದು. ಬಿರುಗಾಳಿಯಲ್ಲಿ ಚುಕ್ಕಾಣಿ ಮುರಿದರೂ ಹಿಂತಿರುಗದೆ ಇದ್ದದ್ದು. ಜ್ವರ ಬಂದ ನಾವಿಕನಿಗೆ ತನ್ನ ನೀರು ಕೊಟ್ಟದ್ದು. ಅದೆಲ್ಲ ನಿಜವಾಗಿತ್ತು. ಒಂದೊಂದು ನಿಜವನ್ನೂ ಕೇಳುತ್ತಾ ಬ್ರಾಸ್ ಕುಗ್ಗುತ್ತಾ ಹೋದ.

"...ದಕ್ಷಿಣದ ಇಪ್ಪತ್ತನಾಲ್ಕನೆಯ ಡಿಗ್ರಿಯನ್ನು, ಯಾವ ಕ್ರೈಸ್ತನೂ ಅಲ್ಲಿಯವರೆಗೆ ಕಾಣದ್ದನ್ನು, ಮುಟ್ಟಿದರು. ಬ್ರಾಸ್ ಅವರೇ, ಕೈ ಇಡಿ."

ಬ್ರಾಸ್ ಕೈ ಇಡಲಿಲ್ಲ.

"ಏನಯ್ಯ, ಕೈಗೆ ಮೀನಿನ ವಾಸನೆ ಅಂತ ಯೋಚನೆಯಾ?" ಎಂದ ಕಪ್ತಾನ. "ದೇವರಿಗೆ ಅಭ್ಯಾಸ ಇದೆ. ಅವನ ಶಿಷ್ಯರೂ ಬೆಸ್ತರೇ."

"ಅದು ಹದಿನಾರು, ಕಪ್ತಾನರೇ."

"ಯಾವುದು?"

"ಕೊಲ್ಲಿ. ಇಪ್ಪತ್ತನಾಲ್ಕಲ್ಲ. ನಾನು ಕಳೆಯೋ ಕಡೆ ಕೂಡಿಸಿದೆ."

ಕಪ್ತಾನ ಮೊದಲು ನಕ್ಕ. ಆಮೇಲೆ ಬ್ರಾಸನ ಮುಖ ನೋಡಿ ನಗು ನಿಲ್ಲಿಸಿದ. "ವಯಸ್ಸಾಯ್ತು ನಿನಗೆ. ಬಿಸಿಲಲ್ಲಿ ಬಂದಿದೀಯ. ಬಾಸ್ತಿಯಾಂವ್, ಇವನಿಗೆ ನೀರು ಕೊಡು!"

ಬಾಸ್ತಿಯಾಂವ್ ನೀರಿನ ಹೂಜಿ ಹಿಡಿದು ಬಾಗಿಲಿಗೆ ಬಂದ.

"ಮರುದಿನ ಕಂಬದ ನೆರಳು ನೋಡಿದೆ," ಎಂದ ಬ್ರಾಸ್. ಮಾತು ನಿಂತರೆ ಮತ್ತೆ ಬರುವುದಿಲ್ಲ ಎಂದು ಅವನಿಗೆ ಭಯವಾಗಿತ್ತು. "ಉತ್ತರಕ್ಕೆ ಬಿದ್ದಿತ್ತು. ನೀವೆಲ್ಲ ಕಣ್ಣು ಮುಚ್ಚಿದ್ರಿ."

"ಮರುದಿನ?"

"ಹೌದು."

"ಅಂದ್ರೆ ನಾನು ದೊರೆಯ ಮುಂದೆ ನಿಂತು ಇಪ್ಪತ್ತನಾಲ್ಕು ಅಂದಾಗ ನಿನಗೆ ಗೊತ್ತಿತ್ತು. ನನ್ನ ಪಕ್ಕದಲ್ಲೇ ನಿಂತಿದ್ದೆ ನೀನು! ಹೊಸ ಜೋಡು ಹಾಕ್ಕೊಂಡು!" ಕಪ್ತಾನ ಎದ್ದುನಿಂತ. ಬೈದ, ಹಡಗಿನಲ್ಲಿ ಬೈಯುವ ಎಲ್ಲ ಬೈಗುಳಗಳಲ್ಲೂ ಬೈದ. ಉಸಿರು ಸೋತಾಗ ಕುರ್ಚಿಯ ತೋಳು ಹಿಡಿದುಕೊಂಡು ಸಣ್ಣ ದನಿಯಲ್ಲಿ ಕೇಳಿದ: "ನಾಲ್ಕು ವರ್ಷ ಸುಮ್ಮನಿದ್ದೆಯಲ್ಲ, ಇನ್ನೆರಡು ವರ್ಷ ಇರಬಾರದಿತ್ತಾ? ನಾನೇನು ಶಾಶ್ವತವಾಗಿ ಕೂತಿರ್ತೀನಾ?"

ಬೈಗುಳಗಳನ್ನು ನಿಂತು ಕೇಳಿದ್ದ ಬ್ರಾಸನಿಗೆ ಇದನ್ನು ಕೇಳಲಾಗಲಿಲ್ಲ. ನೆಲ ನೋಡುತ್ತಾ ಹೇಳಿದ: "ಅವನನ್ನ ಇಪ್ಪತ್ತನಾಲ್ಕರಲ್ಲಿ ಇಳಿಸ್ತಾರೆ, ಕಪ್ತಾನರೇ. ಅಲ್ಲಿ ನೀರಿಲ್ಲ."

ಕೋಣೆಯಲ್ಲಿ ಎಲ್ಲರೂ ಬಾಗಿಲ ಕಡೆ ತಿರುಗಿದರು. ಬಾಸ್ತಿಯಾಂವ್ ಹೂಜಿಯನ್ನು ನಿಧಾನವಾಗಿ ನೆಲಕ್ಕಿಟ್ಟ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನ್ನ ಊರು ಎಲ್ಲಿದೆ ಅಂತ ನಿಮಗೆ ಗೊತ್ತಿತ್ತು," ಎಂದ. ಈ ಸಲ ಮಾವ ಎನ್ನಲಿಲ್ಲ.

"ಗೊತ್ತಿತ್ತು."

"ಹಡಗು ನನ್ನನ್ನ ಕರ್ಕೊಂಡು ಹೋಗುತ್ತೆ ಅನ್ನೋದು ಗೊತ್ತಾಗಿ ಎಷ್ಟು ದಿನ ಆಯ್ತು?"

ಹೇಳದೆ ಇರಬಹುದಿತ್ತು. ಆದರೆ ಬ್ರಾಸ್ ಎಣಿಸಿಟ್ಟಿದ್ದ.

"ಹದಿಮೂರು ದಿನ."

ಬಾಸ್ತಿಯಾಂವ್ ತಲೆಯಾಡಿಸಿದ, ಬೆಲೆ ಕೇಳಿ ಮನಸ್ಸಿನಲ್ಲೇ ತೂಗುವವನಂತೆ. ಆಮೇಲೆ ಜಿಲ್ ಕಡೆ ತಿರುಗಿದ. "ನೀವು ಯಾವ ಅಂಕೆ ನಂಬ್ತೀರಿ?"

ಜಿಲ್‌ನ ಮುಖ ಕೆಂಪಾಗಿತ್ತು. "ನಾನೇನು ಹೇಳಲಿ? ಲಿಸ್ಬನ್ನಿನ ಪುಸ್ತಕದಲ್ಲಿ ಇಪ್ಪತ್ತನಾಲ್ಕಿದೆ. ಅದನ್ನ ಬರೆಸಿದವರೇ ಇವತ್ತು ಹದಿನಾರು ಅಂತಾರೆ. ನಾಳೆ ಇನ್ನೊಂದು ಅಂದ್ರೆ?" ಗುರುಗಳೇ ಎಂಬ ಮಾತು ಅವನ ಬಾಯಿಂದಲೂ ಬಿದ್ದುಹೋಗಿತ್ತು.

"ಹಾಗಾದ್ರೆ ಇವರು ಬರಲಿ," ಎಂದ ಬಾಸ್ತಿಯಾಂವ್. "ಬಂದು, ಕೈ ತೋರಿಸಿ, ಇದೇ ಅನ್ನಲಿ. ಇವರು ಹತ್ತದೆ ಇದ್ರೆ ನಾನು ಹತ್ತಲ್ಲ."

ಬ್ರಾಸನಿಗೆ ಅರವತ್ತೊಂದು. ಒಂದು ಕಣ್ಣು ಮಸುಕಾಗಿತ್ತು. ಬರುತ್ತೇನೆ ಎಂದ. ಹೇಳಿದ ಮೇಲೂ ಮೈ ಹಗುರವಾಗಲಿಲ್ಲ.

ನಾವಿಕರ ಪುಸ್ತಕದಲ್ಲಿ ಬರೆದದ್ದನ್ನು ಹೆರೆದು ಅಳಿಸುವಂತಿಲ್ಲ. ತಪ್ಪಿದ್ದರೆ ಪಕ್ಕದಲ್ಲೇ, ತಪ್ಪು ಮಾಡಿದವನ ಹೆಸರಿನಲ್ಲಿ ಬರೆಯಬೇಕು. ಜಿಲ್ ತನ್ನ ಪುಸ್ತಕ ಮುಂದೆ ಹಿಡಿದ. 'ಬ್ರಾಸ್ ಕೊಲಾಸು ಎಂಬ ನಾನು ತಪ್ಪಿದೆ. ಹದಿನಾರು.' ಅಷ್ಟು ಬರೆಯುವಷ್ಟರಲ್ಲಿ ಬ್ರಾಸ್ ಎರಡು ಸಲ ಮಸಿ ಚೆಲ್ಲಿದ. ಕಪ್ತಾನ ಅಷ್ಟರಲ್ಲಿ ಒಳಕೋಣೆಗೆ ಹೋಗಿಬಿಟ್ಟಿದ್ದ. ವಿಸೆಂತಿ, ಓದಿದ ಹಾಳೆಗಳನ್ನು ಏನು ಮಾಡುವುದೆಂದು ತಿಳಿಯದೆ, ಒಂದರ ಮೇಲೊಂದು ಜೋಡಿಸುತ್ತಾ ಕೂತಿದ್ದ.

ಸಂಜೆಗೆ ಊರಿಗೆಲ್ಲ ಗೊತ್ತಾಯಿತು.

"ಏ ಹದಿನಾರು!" ಬಂದರಿನಲ್ಲಿ ಯಾರೋ ಕೂಗಿದರು. "ಮನೆ ಯಾವ ಕಡೆ ಅಂತ ನೆನಪಿದೆಯಾ? ಎಂಟು ಮನೆ ಮುಂದೆ ಹೋಗಿ ಬೇರೆಯವರ ಹಾಸಿಗೆಯಲ್ಲಿ ಮಲಗಬೇಡ!"

ಬ್ರಿಯೊಲಾಂಜ ಅಂದು ತಮಾಷೆ ಮಾಡಲಿಲ್ಲ. ಅವನ ಉಣ್ಣೆಯ ಅಂಗಿ, ಒಣ ಅಂಜೂರ, ಬಾದಾಮಿ ಗಂಟು ಕಟ್ಟಿದಳು. "ನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೀವಿ," ಎಂದಳು. "ನನಗಾದ್ರೂ ಹೇಳ್ಬಹುದಿತ್ತು."

"ನಿನ್ನ ಮುಂದೆಯೇ ಹೆಚ್ಚು ನಾಚಿಕೆ."

"ನಾನೇನು ದೊರೆಯಾ?" ಎಂದು ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು.

ಹಡಗಿನಲ್ಲಿ ಅವನು ದಾರಿ ಹೇಳುವ ನಾವಿಕನಾಗಿರಲಿಲ್ಲ. ಜಿಲ್ ಅವನಿಗೆ ಆಳ ನೋಡುವ ಕೆಲಸ ಕೊಟ್ಟ, ಮೊಟ್ಟಮೊದಲಿನ ಕೆಲಸ. ಮಧ್ಯಾಹ್ನ ಸೂರ್ಯನನ್ನು ಅಳೆಯುವಾಗ ಅವನು ಅತ್ತ ಹೋಗುತ್ತಿರಲಿಲ್ಲ. ಬಾಸ್ತಿಯಾಂವ್ ಅವನ ಪಕ್ಕದಲ್ಲೇ ಊಟ ಮಾಡುತ್ತಿದ್ದ, ಉಪ್ಪು ಕೇಳಿದರೆ ಕೊಡುತ್ತಿದ್ದ. ಭೂಮಧ್ಯರೇಖೆ ದಾಟಿದ ದಿನ ಬ್ರಾಸ್ ಅವನನ್ನು ಮುತಿಂದಿ ಎಂದು ಕರೆದ.

"ಆ ಹೆಸರು ನಿಮಗೆ ಯಾರು ಹೇಳಿದ್ರು?"

"ಹಿಡಿದ ದಿನ ನೀನೇ ಕೂಗಿ ಹೇಳಿದೆ. ಎದೆ ಮುಟ್ಟಿಕೊಂಡು, ಮೂರು ಸಲ."

"ಅದನ್ನೂ ನೆನಪಿಟ್ಟುಕೊಂಡು ಸುಮ್ಮನಿದ್ರಾ?" ಎಂದು ಮುತಿಂದಿ ಎದ್ದು ಹೋದ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ, ಜಿಲ್‌ನ ಲೆಕ್ಕಕ್ಕೆ ಹದಿನಾರು ಡಿಗ್ರಿ ಬಂದ ದಿನ, ಗುಂಡು ಮೇಲೆ ಬಂದಾಗ ಕೊಬ್ಬಿಗೆ ಬೂದುಬಣ್ಣದ ನುಣುಪು ಕೆಸರು ಅಂಟಿತ್ತು. ಬ್ರಾಸ್ ನಾಲಿಗೆಗೆ ಹಚ್ಚಿದ. ನದಿಯ ಕೆಸರು. "ದಡಕ್ಕೆ ತಿರುಗಿಸಿ," ಎಂದ. ಮಂಜು ಸರಿದಾಗ ಗುಡ್ಡದ ಮೂಗಿನ ಮೇಲೆ ಬಿಳಿ ಕಂಬ ಕಂಡಿತು. ಯಾರೂ ಜಯಕಾರ ಹಾಕಲಿಲ್ಲ. ಜಿಲ್ ಪುಸ್ತಕ ತೆಗೆದು ಏನೋ ಬರೆದು, ಮತ್ತೆ ಮುಚ್ಚಿದ.

ದೋಣಿಯಲ್ಲಿ ಮುತಿಂದಿಯ ಜೊತೆ ಬ್ರಾಸನೂ ಇಳಿದ. ದಡದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿ, ದೂರದಲ್ಲೇ ನಿಂತಿದ್ದರು. ಮುತಿಂದಿ ಮೊಣಕಾಲುದ್ದ ನೀರಿಗೆ ಧುಮುಕಿ ಕೂಗಿದ. ನಾಲ್ಕು ವರ್ಷದಲ್ಲಿ ಅವನ ದನಿ ಅಷ್ಟು ದೊಡ್ಡದು ಎಂದು ಬ್ರಾಸನಿಗೆ ಗೊತ್ತೇ ಇರಲಿಲ್ಲ. ಜನರ ಗುಂಪು ಒಡೆದು ಅವನ ಮೇಲೆ ಬಿತ್ತು. ಅಳು, ನಗು, ಬೈಗುಳ, ಏನೇನೋ. ಕೆಂಪು ಟೋಪಿ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಯಿತು.

ಬ್ರಾಸ್ ದೋಣಿಯ ಪಕ್ಕ ಒದ್ದೆ ಮರಳಿನಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಗದ್ದಲ ಅಡಗಿತು. ಮುತಿಂದಿ ಮಾತಾಡತೊಡಗಿದ. ನಿಧಾನವಾಗಿ, ತುಂಬ ಹೊತ್ತು ಮಾತಾಡಿದ. ನಡುವೆ ಒಮ್ಮೆ ಕೈಯೆತ್ತಿ ಬ್ರಾಸನ ಕಡೆ ತೋರಿಸಿದ. ಬೆರಳುಗಳನ್ನು ಬಿಚ್ಚಿ ಹತ್ತು ತೋರಿಸಿ, ಮತ್ತೆ ಮೂರು ತೋರಿಸಿದ. ಎಲ್ಲರೂ ತಿರುಗಿ ನೋಡಿದರು.

ಗುಂಪಿನಿಂದ ಒಬ್ಬ ಮುದುಕಿ ಹೊರಬಂದು, ನೇರವಾಗಿ ಅವನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡ, ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಅವನ ಮುಖವನ್ನು ಹತ್ತಿರದಿಂದ ನೋಡಿದಳು, ಮಸುಕಾದ ಕಣ್ಣನ್ನೂ ಚೆನ್ನಾಗಿದ್ದ ಕಣ್ಣನ್ನೂ. ಒಂದು ಮಾತು ಹೇಳಿ ತಿರುಗಿ ಹೋದಳು. ಅದರ ಅರ್ಥ ಕೇಳಬೇಕೆಂದರೆ ಆ ದಡದಲ್ಲಿ ಎರಡೂ ಭಾಷೆ ಬಲ್ಲವನು ಮುತಿಂದಿ ಒಬ್ಬನೇ.

ಬ್ರಾಸ್ ಕೇಳಲಿಲ್ಲ. ದೋಣಿ ಹತ್ತಿ, ದಡಕ್ಕೆ ಬೆನ್ನು ಹಾಕಿ ಕೂತುಕೊಂಡ.